ಆಕಾಶದ ಕಣ್ಣು

ನಾವು ಹೊಲಕ್ಕೆ ಹೋಗುತ್ತೇವೆ. ಬದುವಿನ ಮೇಲೆ ನಿಂತು ಪೈರು ನೋಡುತ್ತೇವೆ. ಎಲೆ ಹಚ್ಚಗಿದ್ದರೆ ಪೈರು ಚೆನ್ನಾಗಿದೆ ಅಂತೀವಿ. ಹಳದಿಯಾದರೆ ರೋಗ ಬಂತೋ, ನೀರು ಸಾಲದೋ ಅಂತ ಚಿಂತೆ ಮಾಡ್ತೀವಿ. ಬಣ್ಣ ನೋಡಿಯೇ ಇಷ್ಟೆಲ್ಲ ತಿಳಿಯುತ್ತದೆ, ಅಲ್ಲವೇ?

ಒಂದು ಹೊಲವನ್ನು ಹೀಗೆ ನೋಡಬಹುದು. ಇಡೀ ನಾಡಿನ ಹೊಲಗಳನ್ನು ನೋಡುವುದು ಹೇಗೆ? ಅದಕ್ಕೆ ಆಕಾಶದಲ್ಲಿ ಒಂದು ಕಣ್ಣು ಬೇಕು. ಅಂಥ ಕಣ್ಣನ್ನು ರೂಪಿಸಿದವರು ಒಬ್ಬ ಹೆಣ್ಣುಮಗಳು. ಹೆಸರು ವರ್ಜೀನಿಯಾ ನಾರ್ವುಡ್.

ಬೇಡ ಅಂದವರೇ ಹೆಚ್ಚು

ವರ್ಜೀನಿಯಾ 1927ರಲ್ಲಿ ಅಮೆರಿಕದಲ್ಲಿ ಹುಟ್ಟಿದರು. ಚಿಕ್ಕಂದಿನಿಂದಲೂ ಅವರಿಗೆ ಲೆಕ್ಕ ಅಂದ್ರೆ ಇಷ್ಟ. ಶಾಲೆಯಲ್ಲಿ ಸಲಹೆ ಕೊಡುವವರು ಗ್ರಂಥಾಲಯದ ಕೆಲಸ ಹಿಡಿಯಲು ಹೇಳಿದರು. ವರ್ಜೀನಿಯಾ ಕೇಳಲಿಲ್ಲ. ಎಂ.ಐ.ಟಿ. ಎಂಬ ಹೆಸರಾಂತ ಸಂಸ್ಥೆಗೆ ಸೇರಿದರು. 1947ರಲ್ಲಿ ಪದವಿ ಪಡೆದರು.

ಪದವಿ ಬಂತು, ಕೆಲಸ ಸಿಗಲಿಲ್ಲ. ಒಂದು ಕಡೆ ಅವರು ಕೇಳಿದ ಸಂಬಳ ಕೊಡಲು ಒಪ್ಪಲಿಲ್ಲ. ಇನ್ನೊಂದು ಕಡೆ ಬಸುರಿಯಾಗುವುದಿಲ್ಲ ಅಂತ ಮಾತು ಕೊಡಬೇಕು ಅಂದರು. ಆ ಕೆಲಸವೇ ಬೇಡ ಎಂದು ವರ್ಜೀನಿಯಾ ಬಿಟ್ಟುಬಂದರು. ಸ್ವಲ್ಪ ಕಾಲ ಅಂಗಡಿಯಲ್ಲಿ ಬ್ಲೌಸು ಮಾರಿದರು.

ಆಮೇಲೆ ಸೈನ್ಯದ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಹ್ಯೂಸ್ ಎಂಬ ಕಂಪನಿ ಸೇರಿದರು. ಅಲ್ಲಿ ಅವರಿಗೆ ಮೇಲಧಿಕಾರಿಯ ಸ್ಥಾನ ಬಂತು. ಹೆಂಗಸಿನ ಕೈಕೆಳಗೆ ದುಡಿಯಲಾರೆ ಅಂತ ಒಬ್ಬ ಗಂಡಸು ಕೆಲಸವನ್ನೇ ಬಿಟ್ಟ! ವರ್ಜೀನಿಯಾ ತಮ್ಮ ಕೆಲಸ ಬಿಡಲಿಲ್ಲ.

ಕಣ್ಣು ಹೇಗೆ ನೋಡುತ್ತದೆ?

ಭೂಮಿಯನ್ನು ನೋಡುವ ಉಪಗ್ರಹವೊಂದನ್ನು ಹಾರಿಸಲು ಅಮೆರಿಕ ಸರ್ಕಾರ ಯೋಚಿಸಿತು. ವರ್ಜೀನಿಯಾ ಮೊದಲು ಬೇಸಾಯ ಬಲ್ಲವರನ್ನು ಕೇಳಿದರು. ಕಲ್ಲು ಮಣ್ಣು ಬಲ್ಲವರನ್ನು ಕೇಳಿದರು. ಅವರಿಗೆ ಏನೇನು ಕಾಣಬೇಕು ಎಂದು ತಿಳಿದುಕೊಂಡರು. ಆಮೇಲೆ ಸಾಧನ ಮಾಡಲು ಹೊರಟರು.

ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಭಾಗವೂ ಇದೆ. ಕೆಂಪು ಬಣ್ಣದ ಆಚೆಗಿನ ಆ ಬೆಳಕಿಗೆ ಅವಕೆಂಪು ಎನ್ನುತ್ತಾರೆ. ಚೆನ್ನಾಗಿರುವ ಎಲೆ ಈ ಬೆಳಕನ್ನು ಬಹಳವಾಗಿ ಹಿಂದಕ್ಕೆ ಕಳಿಸುತ್ತದೆ. ಸೊರಗಿದ ಎಲೆ ಕಡಿಮೆ ಕಳಿಸುತ್ತದೆ. ಕೆರೆಯ ನೀರು ಕಳಿಸುವುದೇ ಇಲ್ಲ ಅನ್ನಬಹುದು. ಈ ಬೆಳಕನ್ನು ಅಳೆದರೆ ಪೈರು ಎಲ್ಲಿದೆ, ನೀರು ಎಲ್ಲಿದೆ ಅಂತ ಗೊತ್ತಾಗುತ್ತದೆ.

ವರ್ಜೀನಿಯಾ ಅವರ ಸಾಧನದಲ್ಲಿ ಒಂದು ಕನ್ನಡಿ. ಅದು ಒಂದು ಸೆಕೆಂಡಿಗೆ 13 ಸಲ ಅತ್ತಿಂದಿತ್ತ ಓಲಾಡುತ್ತದೆ. ಭೂಮಿಯಿಂದ ಬಂದ ಬೆಳಕನ್ನು ಒಳಗೆ ಕಳಿಸುತ್ತದೆ. ಒಳಗೆ ಬೆಳಕು ನಾಲ್ಕು ಪಾಲಾಗುತ್ತದೆ. ಹಸಿರು ಒಂದು, ಕೆಂಪು ಒಂದು, ಅವಕೆಂಪು ಎರಡು. ಒಂದೊಂದು ಪಾಲನ್ನೂ ಅಳೆದು ಅಂಕಿಯಾಗಿ ಮಾಡಿ ಭೂಮಿಗೆ ಕಳಿಸುತ್ತದೆ. ಆ ಅಂಕಿಗಳಿಂದ ಚಿತ್ರ ಮೂಡುತ್ತದೆ. ಇಂಥ ಸಾಧನಕ್ಕೆ ಸಂವೇದಕ ಎಂದು ಹೆಸರು.

ಓಲಾಡುವ ಕನ್ನಡಿಯನ್ನು ಬಹಳ ಜನ ನಂಬಲಿಲ್ಲ. ಅದೇ ಉಪಗ್ರಹದಲ್ಲಿ ಬೇರೆ ಕ್ಯಾಮರಾಗಳಿದ್ದವು. ಅವೇ ಮುಖ್ಯ, ಇದು ಬರೀ ಪ್ರಯೋಗಕ್ಕೆ ಎಂದು ಇಟ್ಟಿದ್ದರು.

1972ರ ಜುಲೈ 23ರಂದು ಉಪಗ್ರಹ ಮೇಲೇರಿತು. ಅದಕ್ಕೆ ಮುಂದೆ ಲ್ಯಾಂಡ್‌ಸ್ಯಾಟ್-1 ಎಂಬ ಹೆಸರಾಯಿತು. ಸುಮಾರು 900 ಕಿಲೋಮೀಟರ್ ಎತ್ತರದಿಂದ ಸಂವೇದಕ ಚಿತ್ರ ಕಳಿಸಿತು. ನೋಡಿದವರು ಬೆರಗಾದರು. ಎರಡು ವಾರದಲ್ಲಿ ಮುಖ್ಯ ಕ್ಯಾಮರಾಗಳನ್ನು ನಿಲ್ಲಿಸಬೇಕಾಯಿತು. ಅದಕ್ಕೆ ವಿದ್ಯುತ್ತಿನ ತೊಂದರೆ ಕಾರಣ. ಯಾರೂ ನಂಬದಿದ್ದ ಕನ್ನಡಿಯೇ ಕೈಹಿಡಿಯಿತು. ಒಂದು ವರ್ಷ ಬಾಳಿದರೆ ಸಾಕು ಅಂದುಕೊಂಡಿದ್ದ ಉಪಗ್ರಹ 1978ರವರೆಗೆ ಕೆಲಸ ಮಾಡಿತು.

ನಮಗೇನು ಉಪಯೋಗ?

1988ರಲ್ಲಿ ನಮ್ಮ ದೇಶವೂ ಇಂಥ ಉಪಗ್ರಹ ಹಾರಿಸಿತು. ಹೆಸರು ಐ.ಆರ್.ಎಸ್-1ಎ. ಅದನ್ನು ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಅದರ ಕಣ್ಣೂ ಬೆಳಕನ್ನು ನಾಲ್ಕು ಪಾಲು ಮಾಡಿ ನೋಡುತ್ತಿತ್ತು.

ಕೊಡ ಹೊತ್ತು ದೂರ ನಡೆಯುವ ಕಷ್ಟ ನಮಗೆ ಗೊತ್ತು. ನೆಲದೊಳಗಿನ ನೀರು ಉಪಗ್ರಹಕ್ಕೂ ಕಾಣುವುದಿಲ್ಲ. ಆದರೆ ಬಂಡೆಯ ಬಿರುಕು, ಹಳೆಯ ಹಳ್ಳದ ಜಾಡು ಚಿತ್ರದಲ್ಲಿ ಕಾಣುತ್ತವೆ. ಅದರಿಂದ ನೀರು ಎಲ್ಲಿ ಸಿಗಬಹುದು ಎಂದು ತಿಳಿದವರು ಊಹಿಸುತ್ತಾರೆ. ಕುಡಿಯುವ ನೀರಿನ ಯೋಜನೆಗೆ ಇಂಥ ನಕ್ಷೆಗಳು ನೆರವಾದವು.

ವರ್ಜೀನಿಯಾ 1989ರಲ್ಲಿ ನಿವೃತ್ತರಾದರು. 2023ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಲ್ಯಾಂಡ್‌ಸ್ಯಾಟ್‌ನ ತಾಯಿ ಎಂದು ಜನ ಅವರನ್ನು ಕರೆದರು. ಆ ಹೆಸರು ಅವರಿಗೂ ಮೆಚ್ಚುಗೆಯಾಗಿತ್ತು.

ಈ ವಯಸ್ಸಲ್ಲಿ ನಿನಗ್ಯಾಕೆ ಓದು ಅಂತ ನಮ್ಮನ್ನೂ ಕೇಳಿದವರಿದ್ದಾರೆ. ಆದರೂ ನಾವು ಈ ಪಾಠ ಓದಿದೆವು. ನಮ್ಮ ಹೆಣ್ಣುಮಕ್ಕಳಿಗೂ ಓದಿ ಹೇಳೋಣ.

ಉತ್ತರ ಬರೆಯಿರಿ

1. ವರ್ಜೀನಿಯಾ ಅವರಿಗೆ ಮೊದಲು ಕೆಲಸ ಏಕೆ ಸಿಗಲಿಲ್ಲ?
2. ಸೊರಗಿದ ಎಲೆಯನ್ನು ಸಂವೇದಕ ಹೇಗೆ ಗುರುತಿಸುತ್ತದೆ?
3. ಕನ್ನಡಿ ಸೆಕೆಂಡಿಗೆ 13 ಸಲ ಓಲಾಡಿದರೆ ಒಂದು ನಿಮಿಷಕ್ಕೆ ಎಷ್ಟು ಸಲ?

ಮಾತಾಡೋಣ

ಹೆಂಗಸರ ಕೈಲಿ ಆಗದು ಅಂತ ನಮ್ಮೂರಲ್ಲಿ ಯಾವ ಯಾವ ಕೆಲಸಕ್ಕೆ ಹೇಳುತ್ತಾರೆ? ಅದು ನಿಜವೇ?