ಹಳೆಯ ಬುಲೆಟ್‌ಗೆ ಡಬ್ಬಿ ಫಿಲ್ಟರ್ ಹಾಕಿಸಬಹುದೇ?

ಜಿನನಾಥಪುರದಿಂದ ಬರುವ ದ್ವಿತೀಯ ಪಿಯು ವಿದ್ಯಾರ್ಥಿಯೊಬ್ಬ ಲ್ಯಾಬ್ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದ: "ಸರ್, ನಮ್ಮ ಅಬ್ಬಾನ ಬುಲೆಟ್ ತುಂಬಾ ಹಳೇದು. ಕಾರಿಗೆ ಇರುತ್ತಲ್ಲ, ತಿರುಗಿಸಿ ಹಾಕೋ ಡಬ್ಬಿ ಫಿಲ್ಟರ್, ಅದನ್ನ ಇದಕ್ಕೂ ಹಾಕಿಸಿದ್ರೆ ಇಂಜಿನ್ ಜಾಸ್ತಿ ದಿನ ಬರುತ್ತೆ ಅಂತಾರೆ. ಹಾಕಿಸಬಹುದಾ?" ಅವನ ತಂದೆ ಆ ಬೈಕಿಗೆ ಬಟ್ಟೆ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ಹೋಗುವವರು. ಇಂಜಿನ್ ಸೀಜ್ ಆದರೆ ಮನೆಯ ಸಂಪಾದನೆಯೇ ನಿಲ್ಲುತ್ತದೆ. ಆದ್ದರಿಂದ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಲು ಮನಸ್ಸಾಗಲಿಲ್ಲ.

ಮೊದಲು ತಿಳಿಯಬೇಕಾದದ್ದು, ಎಲ್ಲ ಬೈಕುಗಳಲ್ಲೂ ಆಯಿಲ್ ಒಂದೇ ರೀತಿ ಓಡಾಡುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ನಮ್ಮ ಕಡೆ ಈಗಲೂ ಕಾಣಸಿಗುತ್ತವೆ. ಅವು ಟೂ ಸ್ಟ್ರೋಕ್. ಪೆಟ್ರೋಲಿನಲ್ಲೇ ಬೆರೆಸಿದ ಆಯಿಲ್ ಕೆಲಸ ಮುಗಿಸಿ ಹೊಗೆಯಾಗಿ ಹೋಗುತ್ತದೆ. ತಿರುಗಿ ಬರದ ಎಣ್ಣೆಯನ್ನು ಸೋಸುವುದೆಲ್ಲಿ? ಹೀಗಾಗಿ ಯೆಜ್ಡಿಗೆ ಡಬ್ಬಿ ಫಿಲ್ಟರ್‌ನ ಪ್ರಶ್ನೆಯೇ ಏಳುವುದಿಲ್ಲ.

ಹಳೆಯ ಸ್ಪ್ಲೆಂಡರ್‌ನದು ಇನ್ನೊಂದು ಬಗೆ. ಅಲ್ಲಿ ಕಾಗದದ ಫಿಲ್ಟರ್ ಇಲ್ಲ. ಒಂದು ಜಾಲರಿ, ಜೊತೆಗೆ ಕ್ರ್ಯಾಂಕ್ ಶಾಫ್ಟ್‌ನೊಂದಿಗೇ ತಿರುಗುವ ಒಂದು ಬಟ್ಟಲು. ನಿಮಿಷಕ್ಕೆ 5000 ಸುತ್ತು, ತ್ರಿಜ್ಯ 3 ಸೆಂ.ಮೀ. ಎಂದಿಟ್ಟುಕೊಂಡು ಪ್ರಥಮ ಪಿಯುನಲ್ಲಿ ಕಲಿತ ω²r ಲೆಕ್ಕ ಮಾಡಿ. ω ಸುಮಾರು 524 ರೇಡಿಯನ್ ಪ್ರತಿ ಸೆಕೆಂಡ್. ವೇಗೋತ್ಕರ್ಷ ಗುರುತ್ವದ 800 ಪಟ್ಟಿಗೂ ಹೆಚ್ಚು! ಆಯಿಲ್‌ಗಿಂತ ಭಾರವಾದ ಲೋಹದ ಪುಡಿ ಬಟ್ಟಲಿನ ಅಂಚಿಗೆ ಹೋಗಿ ಕೆಸರಿನಂತೆ ಅಂಟಿಕೊಳ್ಳುತ್ತದೆ. ಅದನ್ನು ಆಗಾಗ ಬಿಚ್ಚಿಸಿ ತೊಳೆಸಿದರೆ ಸಾಕು.

ಇನ್ನು ಬುಲೆಟ್. ಹಳೆಯ ಎರಕದ ಕಬ್ಬಿಣದ ಇಂಜಿನ್‌ನಲ್ಲಿ ಸುಮಾರು ಎರಡೂ ಕಾಲು ಲೀಟರ್ ಆಯಿಲ್ ಕ್ರ್ಯಾಂಕ್‌ಕೇಸಿಗೆ ಸೇರಿದಂತೆಯೇ ಇರುವ ಬೇರೆ ಅಂಕಣದಲ್ಲಿರುತ್ತದೆ. ಹಿಂದೆ ಮುಂದೆ ಆಡುವ ಎರಡು ಪಿಸ್ಟನ್ ಪಂಪುಗಳಿವೆ. ಒಂದು ಆಯಿಲನ್ನು ಕ್ರ್ಯಾಂಕ್‌ಗೆ ಕಳಿಸುತ್ತದೆ, ಇನ್ನೊಂದು ಕೆಳಗೆ ಇಳಿದದ್ದನ್ನು ವಾಪಸ್ ಎತ್ತುತ್ತದೆ. (ಇಂಥ ಜೋಡಿ ಪಂಪಿನ ವಿವರಣೆ, ನೀರೆತ್ತುವುದಕ್ಕಾಗಿ, ಅಲ್ ಜಜರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲೇ ಇದೆ.) ಬಲಬದಿಯ ಟೈಮಿಂಗ್ ಕವರ್‌ನ ಮುಚ್ಚಳದ ಹಿಂದೆ ಒಂದು ಫಿಲ್ಟರ್ ಮೊದಲಿನಿಂದಲೂ ಇದೆ. ಅಂದರೆ ಬುಲೆಟ್ ಸೋಸದೆ ಓಡುತ್ತಿದೆ ಎಂಬುದೇ ತಪ್ಪು ತಿಳಿವಳಿಕೆ.

ಡಬ್ಬಿ ಫಿಲ್ಟರ್‌ನಲ್ಲಿ ಹೆಚ್ಚಿಗೆ ಏನಿದೆ? ಮಡಿಕೆ ಮಡಿಕೆಯಾಗಿ ತುಂಬಿದ ಕಾಗದ ಇರುವುದರಿಂದ ಸೋಸುವ ವಿಸ್ತೀರ್ಣ ಹೆಚ್ಚು, ಬದಲಾಯಿಸುವುದು ಸುಲಭ. ಒಳಗೆ ಸಾಮಾನ್ಯವಾಗಿ ಒಂದು ಬೈಪಾಸ್ ವಾಲ್ವ್ ಇರುತ್ತದೆ. ಕಾಗದ ಕಟ್ಟಿಕೊಂಡು ಒತ್ತಡ ಏರಿದಾಗ ಅದು ತೆರೆದು, ಸೋಸದಿದ್ದರೂ ಸರಿ, ಆಯಿಲ್ ಮುಂದೆ ಹೋಗಲಿ ಎಂದು ದಾರಿ ಬಿಡುತ್ತದೆ. ತೊಡಕಿರುವುದು ಇಲ್ಲೇ. ಆ ವಾಲ್ವಿನ ಸ್ಪ್ರಿಂಗ್ ಕಾರಿನ ಪಂಪಿಗೆ ಲೆಕ್ಕ ಹಾಕಿ ಮಾಡಿದ್ದು. ಹಳೆಯ ಬುಲೆಟ್‌ನ ಪಂಪು ಕಳಿಸುವ ಆಯಿಲ್ ಕಡಿಮೆ, ಒತ್ತಡವೂ ಕಡಿಮೆ. ವಾಲ್ವ್ ತೆರೆಯುವ ಮೊದಲೇ ಹಳೆಯ ಸೀಲ್‌ಗಳಲ್ಲಿ ಆಯಿಲ್ ಸೋರಿ, ಕ್ರ್ಯಾಂಕ್‌ಗೆ ಸಿಗಬೇಕಾದದ್ದು ಸಿಗದೆ ಹೋಗಬಹುದು. ಹೊರಗೆ ಹಾಕಿದ ರಬ್ಬರ್ ಪೈಪ್ ಬಿರಿದರೂ ಅದೇ ಗತಿ. ಎಚ್ಚರಿಸಲು ಆ ಬೈಕಿನಲ್ಲಿ ಆಯಿಲ್ ದೀಪವೂ ಇಲ್ಲ.

ಆದ್ದರಿಂದ ಹಳೆಯ ಡ್ರೈ ಸಂಪ್ ಬೈಕುಗಳಿಗೆ ಇಂಥ ಫಿಲ್ಟರ್ ಹಾಕುವವರು ಬಹುಮಟ್ಟಿಗೆ ವಾಪಸ್ ಬರುವ ದಾರಿಯಲ್ಲೇ ಹಾಕುತ್ತಾರೆ. ಟ್ಯಾಂಕಿಗೂ ಪಂಪಿಗೂ ನಡುವೆ ಮಾತ್ರ ಯಾವತ್ತೂ ಬೇಡ. ಪಂಪು ಎಳೆದುಕೊಳ್ಳುವ ದಾರಿಗೇ ಅಡ್ಡ ಹಾಕಿದಂತಾಗುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಡಬ್ಬಿಗಳ ಮರೆ ಎರಡು ಅಳತೆಯಲ್ಲಿ ಹೆಚ್ಚು ಸಿಗುತ್ತವೆ: ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ., ಮತ್ತು 20 ಮಿ.ಮೀ. ಮುಕ್ಕಾಲು ಇಂಚಿನ ಬೋಲ್ಟಿಗೆ 20ರ ಡಬ್ಬಿ ಹತ್ತಿಬಿಡುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಹಿಡಿತ ಇರುವುದಿಲ್ಲ. ಬುಲೆಟ್‌ನ ನಡುಕಕ್ಕೆ ಅದು ಎಲ್ಲಿ ಕಳಚುತ್ತದೋ ಹೇಳಲಾಗದು. ಅಂಗಡಿಯಲ್ಲಿ ಅಳತೆ ಕೇಳಿಯೇ ಕೊಳ್ಳಿ. ಹಾಕುವಾಗ ರಬ್ಬರ್ ವಾಷರ್‌ಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಕು. ಇಂಜಿನ್ ಸ್ವಲ್ಪ ಓಡಿಸಿ ನಿಲ್ಲಿಸಿ, ಡಬ್ಬಿ ಕುಡಿದಷ್ಟು ಆಯಿಲ್ ಮತ್ತೆ ಹಾಕಬೇಕು. ರಾಕರ್‌ಗೆ ಹೋಗುವ ಪೈಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ಐಡ್ಲಿಂಗ್‌ನಲ್ಲಿ ಆಯಿಲ್ ಒಸರುತ್ತಿದೆಯೇ ಎಂದು ನೋಡದೆ ಬೈಕ್ ರಸ್ತೆಗೆ ಇಳಿಸಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ದುಡಿಯುವ ಬೈಕಿಗೆ ಈ ಖರ್ಚು ಮೊದಲನೆಯದಲ್ಲ. ಸಮಯಕ್ಕೆ ಸರಿಯಾಗಿ ಆಯಿಲ್ ಮತ್ತು ಒಳಗಿನ ಫಿಲ್ಟರ್ ಬದಲಾಯಿಸಲಿ. ಅದಕ್ಕೂ ಮೊದಲು ಗಾಳಿ ಫಿಲ್ಟರ್ ನೋಡಲಿ. ರಾಗಿ ಒಕ್ಕಣೆ ಕಾಲದಲ್ಲಿ ನಮ್ಮ ರಸ್ತೆಗಳ ಧೂಳು ನಿಮಗೆ ಗೊತ್ತಲ್ಲ. ಇಂಜಿನ್‌ಗೆ ಮಣ್ಣು ಹೋಗುವ ದೊಡ್ಡ ಬಾಗಿಲು ಅದೇ.

ಆ ಹುಡುಗ ಮುಂದಿನ ಸೋಮವಾರ ಬಂದು ಹೇಳಿದ: ಬಿಚ್ಚಿ ನೋಡಿದರೆ ಗಾಳಿ ಫಿಲ್ಟರ್ ಒಂದು ಬದಿ ಹರಿದುಹೋಗಿತ್ತಂತೆ. ಅಬ್ಬಾ ಅವತ್ತೇ ಹೊಸದು ತಂದರಂತೆ. ಡಬ್ಬಿಯ ಮಾತು ಸದ್ಯಕ್ಕೆ ಮುಂದಕ್ಕೆ ಹೋಗಿದೆ.