ಮೈ ಬೆಳೆಸದೆ ಏಟಿನ ಬಲವನ್ನು ಬೆಳೆಸುವ ಬಗೆ

ಹೊನ್ನಾವರದಲ್ಲಿ ಶರಾವತಿ ಕಡಲನ್ನು ಸೇರುವ ಅಳಿವೆಯ ದಂಡೆಯ ಮೇಲೆ ಬೆಳಗಿನ ಹೊತ್ತು ನಿಂತರೆ ಬೀಸುಬಲೆಯಿಂದ ಮೀನು ಹಿಡಿಯುವವರನ್ನು ಕಾಣಬಹುದು. ಅವರಲ್ಲಿ ಅನೇಕರದು ಒಣಕಲು ಮೈ. ತೋಳನ್ನು ನೋಡಿದರೆ ಗರಡಿಯಾಳಿನ ತೋಳಲ್ಲ. ಆದರೂ ಅಂಚಿಗೆಲ್ಲ ಸೀಸದ ಗುಂಡು ಕಟ್ಟಿದ, ನೀರು ಕುಡಿದು ಭಾರವಾದ ಬಲೆ ಅವರ ಕೈಯಿಂದ ಹಾರಿ, ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು ನೀರಿನ ಮೇಲೆ ಬೀಳುತ್ತದೆ. ಅದೇ ಬಲೆಯನ್ನು ಕಟ್ಟುಮಸ್ತಾದ ಹೊಸಬನೊಬ್ಬನ ಕೈಗೆ ಕೊಟ್ಟರೆ ಅದು ಮುದ್ದೆಯಾಗಿ ಅವನ ಕಾಲ ಬುಡದಲ್ಲೇ ಬೀಳುವುದು. ಈ ವ್ಯತ್ಯಾಸ ಎಲ್ಲಿಂದ ಬಂತು?

ಕುಮಟೆಯ ಕಾಲೇಜು ವಿದ್ಯಾರ್ಥಿಯೊಬ್ಬರು ನಮ್ಮ ಮುಂದಿಟ್ಟ ಪ್ರಶ್ನೆಗೂ ಇದಕ್ಕೂ ಹತ್ತಿರದ ನಂಟಿದೆ. ಅವರು ಕರಾಟೆ ಕಲಿಯುತ್ತಿದ್ದಾರೆ. ತೂಕ 54 ಕಿಲೋಗ್ರಾಂ. “ನಿನ್ನ ಏಟಿನಲ್ಲಿ ಸತ್ತ್ವವಿಲ್ಲ, ಮೊದಲು ಮೈ ಬೆಳೆಸು” ಎಂದು ಜೊತೆಯವರು ಹೇಳುತ್ತಾರಂತೆ. ಮೈ ಬೆಳೆಸಿದರೆ ಸ್ಪರ್ಧೆಯಲ್ಲಿ ಮೇಲಿನ ತೂಕದ ವರ್ಗಕ್ಕೆ ಏರಿ, ತಮಗಿಂತ ಎತ್ತರದವರ, ಉದ್ದ ತೋಳಿನವರ ಎದುರು ನಿಲ್ಲಬೇಕಾಗುತ್ತದೆ. ಡಬ್ಬಿಯಲ್ಲಿ ಮಾರುವ ಪುಡಿಗಳಿಗೆ ಮನೆಯವರ ಹಣವನ್ನು ಸುರಿಯಲು ಅವರಿಗೆ ಮನಸ್ಸಿಲ್ಲ. ಬೇರೆ ದಾರಿ ಇದೆಯೆ? ಇದೆಯೆಂಬುದು ನಮ್ಮ ಉತ್ತರ. ಆದರೆ ಅದಕ್ಕೆ ಮುನ್ನ ಏಟು ಎಂದರೇನೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಲಿಂಪಿಕ್ ಮಟ್ಟದ 7 ಮಂದಿ ಬಾಕ್ಸಿಂಗ್ ಪಟುಗಳ ಏಟುಗಳನ್ನು ಉಪಕರಣಗಳಿಂದ ಅಳೆದರು. ಮುಷ್ಟಿಯ ವೇಗ ಸರಾಸರಿ ಸೆಕೆಂಡಿಗೆ 9 ಮೀಟರು. ಬಲ ಸುಮಾರು 3400 ನ್ಯೂಟನ್. ಏಟಿನ ಹಿಂದೆ ನಿಜವಾಗಿ ದುಡಿದ ದ್ರವ್ಯರಾಶಿಯಾದರೋ ಸರಾಸರಿ 3 ಕಿಲೋಗ್ರಾಮಿನಷ್ಟೇ! ಅಷ್ಟು ದೊಡ್ಡ ಶರೀರಗಳಲ್ಲಿ ಗುರಿಗೆ ತಾಗಿದ ಕ್ಷಣದಲ್ಲಿ ಲೆಕ್ಕಕ್ಕೆ ಬಂದದ್ದು ಇಷ್ಟು ಸಣ್ಣ ಪಾಲು. ಉಳಿದದ್ದು ಮಣಿಕಟ್ಟು, ಮೊಣಕೈ, ಭುಜಗಳ ಸಡಿಲ ಸಂದುಗಳ ಆಚೆ ಉಳಿದುಹೋಯಿತು.

ಚಲನಶಕ್ತಿಯು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. 3 ಕಿಲೋಗ್ರಾಂ, ಸೆಕೆಂಡಿಗೆ 9 ಮೀಟರು ಎಂದರೆ 121.5 ಜೂಲ್. ರಾಶಿಯನ್ನು ನೂರಕ್ಕೆ 10ರಷ್ಟು ಹೆಚ್ಚಿಸಿದರೆ ಸುಮಾರು 134 ಜೂಲ್ ಆಗುವುದು. ವೇಗವನ್ನು ಅಷ್ಟೇ ಹೆಚ್ಚಿಸಿದರೆ 147. ಸಂವೇಗದಲ್ಲಿ ಮಾತ್ರ ಎರಡಕ್ಕೂ ಸಮಾನ ಸ್ಥಾನ. ಭಾರವಾದವನ ಏಟು ಸಾಮಾನ್ಯವಾಗಿ ಹೆಚ್ಚೇ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ತೂಕ ಹಾಗೆಯೇ ಇರಲಿ ಎನ್ನುವವನಿಗೆ ಎರಡು ದಾರಿಗಳು ತೆರೆದಿವೆ: ಮುಷ್ಟಿಯ ವೇಗವನ್ನು ಹೆಚ್ಚಿಸುವುದು, ಇರುವ ಮೈಯಲ್ಲೇ ಹೆಚ್ಚು ಪಾಲನ್ನು ಏಟಿನ ಹಿಂದೆ ತರುವುದು.

ಬಲೆ ಬೀಸುವವನನ್ನು ಮತ್ತೆ ನೋಡೋಣ. ಅವನ ಚಲನೆ ಪಾದದಿಂದ ಮೊದಲಾಗುತ್ತದೆ. ನೆಲವನ್ನು ಒತ್ತಿದ ಕಾಲಿನಿಂದ ಸೊಂಟ ತಿರುಗುತ್ತದೆ, ಸೊಂಟದ ಹಿಂದೆ ಎದೆ, ಆಮೇಲೆ ಭುಜ, ಕೊನೆಗೆ ಕೈ. ಹಿಂದಿನ ಅಂಗ ನಿಧಾನವಾಗುವ ಹೊತ್ತಿಗೆ ಮುಂದಿನದು ಅದರ ವೇಗವನ್ನು ಪಡೆದು ಇನ್ನೂ ಚುರುಕಾಗುತ್ತದೆ. ಚಾವಟಿಯ ತುದಿಯಲ್ಲಿ ಆಗುವುದೂ ಇದೇ. ಹೊಸಬನು ಎಲ್ಲವನ್ನೂ ಒಮ್ಮೆಲೇ, ಅದೂ ತೋಳಿನಿಂದಲೇ ಎಸೆಯುತ್ತಾನೆ. ಲಂಡನ್ನಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದಕ್ಕೆ ಒಳ್ಳೆಯ ಸಾಕ್ಷಿ. ಕಪ್ಪು ಪಟ್ಟಿ ಪಡೆದ 12 ಮಂದಿ ಕರಾಟೆ ಪಟುಗಳನ್ನೂ, ವ್ಯಾಯಾಮದ ರೂಢಿಯಿದ್ದರೂ ಕರಾಟೆಯನ್ನರಿಯದ 12 ಮಂದಿಯನ್ನೂ ಅವರು ಹೋಲಿಸಿದರು. ಬರಿಯ ಸ್ನಾಯುಬಲದಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಆದರೆ 5 ಸೆಂಟಿಮೀಟರು ದೂರದಿಂದ ಹೊಡೆದ ಗಿಡ್ಡ ಏಟಿನಲ್ಲಿ ಕರಾಟೆಯವರದೇ ಮೇಲುಗೈ. ಭುಜ ಮತ್ತು ಮಣಿಕಟ್ಟುಗಳು ತಮ್ಮ ಗರಿಷ್ಠ ವೇಗವನ್ನು ಮುಟ್ಟುವ ಕಾಲಗಳ ಹೊಂದಾಣಿಕೆಯೇ ಅದಕ್ಕೆ ಕಾರಣವೆಂದು ತಿಳಿದುಬಂತು. ಚಲನೆಗಳನ್ನು ಹೊಂದಿಸುವ ಕಿರುಮಿದುಳಿನ ರಚನೆಯಲ್ಲೂ ಅದಕ್ಕೆ ತಕ್ಕ ಭೇದಗಳಿದ್ದವು.

ಇನ್ನೊಂದು ಗುಟ್ಟು ಸಡಿಲಿಕೆ. ಕೆನಡಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು, ನುರಿತ ಹೋರಾಟಗಾರರ ಸ್ನಾಯುಗಳು ಒಂದೇ ಏಟಿನಲ್ಲಿ ಎರಡು ಬಾರಿ ಬಿಗಿಯುವುದನ್ನು ತೋರಿಸಿತು: ಹೊರಡುವಾಗ ಒಮ್ಮೆ, ತಾಗುವಾಗ ಒಮ್ಮೆ. ನಡುವೆ ಅವು ಸಡಿಲ. ಮೊದಲಿನಿಂದ ಕೊನೆಯವರೆಗೂ ಬಿಗಿಹಿಡಿದ ತೋಳಿನಲ್ಲಿ ಎದುರು ಸ್ನಾಯುಗಳೇ ವೇಗಕ್ಕೆ ತಡೆಯಾಗುತ್ತವೆ. ತಾಗುವಾಗ ಬಿಗಿಯದಿದ್ದರೆ ಮೈಯ ಭಾರ ಮುಷ್ಟಿಯ ಹಿಂದೆ ಬರುವುದಿಲ್ಲ. ಭಟ್ಕಳದ ಕಡೆ ಪಿಕಾಸಿಯಿಂದ ಚಿರೇಕಲ್ಲು ಕಡಿದು ಬಲ್ಲವರಿಗೆ ಈ ಹದವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಸ್ನಾಯುವಿನ ಒಳಗಣ ಮಾತು. ಸ್ನಾಯುವು ಚುರುಕಾಗಿ ಕುಗ್ಗಿದಷ್ಟೂ ಅದರ ಬಲ ಕಡಿಮೆಯಾಗುವುದೆಂದು ಎ. ವಿ. ಹಿಲ್ ಎಂಬ ಆಂಗ್ಲ ವಿಜ್ಞಾನಿ 1938ರಲ್ಲಿ ಕಪ್ಪೆಯ ಸ್ನಾಯುಗಳಿಂದ ತೋರಿಸಿದನು. ಅದಲ್ಲದೆ ಸ್ನಾಯು ತನ್ನ ಪೂರ್ಣಬಲಕ್ಕೆ ಏರಲು ಸುಮಾರು 0.3 ಸೆಕೆಂಡು ಅಥವಾ ಇನ್ನೂ ಹೆಚ್ಚು ಕಾಲ ಬೇಕು. ಏಟಾದರೋ ಅದಕ್ಕೆ ಮುಂಚೆಯೇ ಮುಗಿದಿರುತ್ತದೆ! ಆದುದರಿಂದ ಗರಿಷ್ಠ ಬಲ ಎಷ್ಟು ಎಂಬುದಕ್ಕಿಂತಲೂ ಮೊದಲ 0.1 ಸೆಕೆಂಡಿನಲ್ಲಿ ಎಷ್ಟು ಬಲ ಹುಟ್ಟಿತೆಂಬುದೇ ಮುಖ್ಯ. ಇದು ನರಗಳ ಕೆಲಸ. ಅವು ಒಮ್ಮೆಗೆ ಎಷ್ಟು ಸ್ನಾಯುತಂತುಗಳನ್ನು ಎಬ್ಬಿಸುತ್ತವೆ, ಎಷ್ಟು ಬೇಗ ಬೇಗ ಆಜ್ಞೆ ಕಳಿಸುತ್ತವೆ ಎಂಬುದನ್ನು ಅಭ್ಯಾಸದಿಂದ ತಿದ್ದಬಹುದು. ಭಾರ ಎತ್ತಲು ತೊಡಗಿದವನ ಬಲ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವುದು ಬಹುಮಟ್ಟಿಗೆ ಈ ನರಗಳ ಕಲಿಕೆಯಿಂದಲೇ. ಸ್ನಾಯುವಿನ ಗಾತ್ರ ಆಮೇಲೆ ಬೆಳೆಯುತ್ತದೆ.

ಅಭ್ಯಾಸದ ಕ್ರಮ ಇದರಿಂದ ತಾನಾಗಿ ಹೊರಡುತ್ತದೆ. ಮೈ ಬೆಳೆಸುವವರು ಮಧ್ಯಮ ಭಾರವನ್ನು ಸುಸ್ತಾಗುವವರೆಗೆ ಹಲವು ಬಾರಿ ಎತ್ತಿ, ಹೆಚ್ಚು ಉಣ್ಣುತ್ತಾರೆ. ನಾವು ಹಾಗೆ ಮಾಡಬೇಕಾಗಿಲ್ಲ. ಹೆಚ್ಚು ಭಾರವನ್ನು 3ರಿಂದ 5 ಬಾರಿ ಮಾತ್ರ ಎತ್ತಿ, ಇನ್ನೂ ಒಂದೆರಡು ಸಲ ಎತ್ತುವ ಶಕ್ತಿ ಉಳಿದಿರುವಾಗಲೇ ನಿಲ್ಲಿಸಿ, 3 ನಿಮಿಷ ವಿಶ್ರಮಿಸಬೇಕು. ಇದು ಗುರುವಿನ ಕಣ್ಣೆದುರಿನಲ್ಲಿ ಆಗತಕ್ಕದ್ದು; ಹೈಸ್ಕೂಲಿನ ಹುಡುಗ ಹುಡುಗಿಯರು ತಮ್ಮ ಮೈಭಾರದ ದಂಡ ಬೈಠಕ್‌ಗಳಿಂದಲೇ ತೊಡಗಲಿ. ಬೇರೆ ದಿನ ಗಟ್ಟಿಯಾಗಿ ಹೊಲಿದ 2–3 ಕಿಲೋ ಮರಳಿನ ಚೀಲವನ್ನು ಎದೆಯಿಂದ ತಳ್ಳಿ ಎಸೆಯುವುದು, ನಿಂತಲ್ಲಿಂದ ಜಿಗಿಯುವುದು. ಐದಾರು ಎಸೆತ, ಆಮೇಲೆ ವಿಶ್ರಾಂತಿ. ದಣಿದು ಎಸೆದರೆ ನಾವು ನರಗಳಿಗೆ ನಿಧಾನವನ್ನೇ ಕಲಿಸಿದಂತಾಗುತ್ತದೆ. ಮುರ್ಡೇಶ್ವರದ ಒಣ ಮರಳಿನಲ್ಲಿ ಜಿಗಿದರೆ ಮಂಡಿಗೆ ಪೆಟ್ಟು ಕಡಿಮೆ, ನಿಜ. ಆದರೆ ಕಾಲು ಒತ್ತಿದ ಶಕ್ತಿಯ ಒಂದು ಪಾಲನ್ನು ಮರಳೇ ನುಂಗುವುದರಿಂದ ಪುಟಿತ ಸಿಗುವುದಿಲ್ಲ. ಚುರುಕಿನ ಅಭ್ಯಾಸಕ್ಕೆ ಗಟ್ಟಿ ನೆಲವೇ ಬೇಕು.

ಹೊಟ್ಟೆ ಕಟ್ಟಿ ತೂಕ ಹಿಡಿದಿಡುವ ಯೋಚನೆ ಮಾತ್ರ ಯಾರಿಗೂ ಬೇಡ. ಬೆಳೆಯುವ ವಯಸ್ಸಿನಲ್ಲಿ ತೂಕ ಏರುವುದು ಸಹಜ. ಕುಚ್ಚಲಕ್ಕಿಯ ಅನ್ನ, ಮೀನು, ಬೇಳೆ, ಮೊಟ್ಟೆ, ಹಾಲುಗಳಲ್ಲಿ ಒಗ್ಗುವವನ್ನು ಹಸಿವಿಗೆ ತಕ್ಕಷ್ಟು ಉಂಡವನಿಗೆ ಡಬ್ಬಿಯ ಪುಡಿಯಿಂದ ಆಗಬೇಕಾದ್ದೇನೂ ಇಲ್ಲ. ಸ್ಪರ್ಧೆಯ ಮುನ್ನಾದಿನ ನೀರು ಬಿಟ್ಟು ತೂಕ ಇಳಿಸುವ ರೂಢಿಯಂತೂ ಅಪಾಯಕರ.

ಏಟಿನ ಬಲ ಹೆಚ್ಚಿದಂತೆ ಕೈಯ ಮೂಳೆಗಳ ಮೇಲಿನ ಹೊರೆಯೂ ಹೆಚ್ಚುತ್ತದೆ. ಕಿರುಬೆರಳು, ಉಂಗುರಬೆರಳುಗಳ ಗೆಣ್ಣಿನಿಂದ ಹೊಡೆದವರ ಅಂಗೈ ಮೂಳೆ ಮುರಿಯುವುದು ಬಹಳ ಸಾಮಾನ್ಯ. ತೋರುಬೆರಳು, ನಡುಬೆರಳುಗಳ ಗೆಣ್ಣು ಮುಂದಾಗಿ, ಮಣಿಕಟ್ಟು ಮುಂಗೈಗೆ ನೇರವಾಗಿ ನಿಲ್ಲಬೇಕು.

ಪ್ರಗತಿಯನ್ನು ಅಳೆಯಲು ಬೆಲೆಬಾಳುವ ಉಪಕರಣ ಬೇಡ. ಅದೇ ಮರಳಿನ ಚೀಲವನ್ನು ಅದೇ ಗೆರೆಯ ಹಿಂದೆ ನಿಂತು ಮೂರು ಸಲ ಎಸೆದು, ಅತಿ ದೂರ ಬಿದ್ದುದನ್ನು ಟೇಪಿನಿಂದ ಅಳೆದು, ಪಕ್ಕದಲ್ಲಿ ಅಂದಿನ ಮೈತೂಕವನ್ನು ಬರೆದಿಡಿ. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿದರೆ ಸಾಕು. ಕುಮಟೆಯ ನಮ್ಮ ಗೆಳೆಯರು ನೋಟ್‌ಬುಕ್ಕಿನಲ್ಲಿ ಆಗಲೇ ಎರಡು ಅಂಕಣ ಗೆರೆ ಎಳೆದಿದ್ದಾರೆ. ಮೂರು ತಿಂಗಳ ಅಂಕಿಗಳನ್ನು ಕಳಿಸಿರೆಂದು ಅವರಿಗೆ ಹೇಳಿದ್ದೇವೆ.