ಎರಡು ಚಮಚ ನೀರು, ಒಂದು ಇಂಜಿನ್

ಪ್ರಥಮ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಅನಿಲ ನಿಯಮಗಳು ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ಕೇಳುವವರು ನಮ್ಮಲ್ಲಿ ಹಲವರಿದ್ದಾರೆ. ನಮ್ಮ ಮನೆಗೆ ಅವು ಬಂದದ್ದು ಮಾಮೂ ಅವರ ಕಾರಿನ ಮೂಲಕ.

2022ರ ಮಳೆಗಾಲ ನಿಮಗೆ ನೆನಪಿರಬಹುದು. ನಮ್ಮ ಕಡೆ ಕೆರೆಗಳು ತುಂಬಿ ಕೋಡಿ ಬಿದ್ದಿದ್ದವು. ಮಾಮೂ ಸಾಲ ಮಾಡಿ ಕೊಂಡ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರು. ಒಂದು ರಾತ್ರಿ ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಬರುವಾಗ ರಸ್ತೆಯ ಮೇಲೆ ಕೋಡಿ ನೀರು ನಿಂತಿತ್ತು. ವೇಗವಾಗಿ ಹೋದರೆ ದಾಟಬಹುದೆಂದು ನುಗ್ಗಿಸಿದರು. ನಡುವೆ ಕಾರು ಆಫ್ ಆಯಿತು. ಸೆಲ್ಫ್ ಹೊಡೆದರು, 'ಟಕ್' ಎಂದು ನಿಂತಿತು. ಮತ್ತೆ ಹೊಡೆದರು. ಮೂರನೆಯ ಸಲ ಇಂಜಿನ್ ಕ್ಷಣಕಾಲ ಹತ್ತಿಕೊಂಡು, ದೊಡ್ಡ ಸದ್ದು ಮಾಡಿ ಸತ್ತೇಹೋಯಿತು.

ಮೆಕ್ಯಾನಿಕ್ ಆಗಿರುವ ನನ್ನ ಅಬ್ಬಾ ಮರುದಿನ ಇಂಜಿನ್ ಬಿಚ್ಚಿದರು. ಏರ್ ಫಿಲ್ಟರ್ ನೆನೆದು ಮುದ್ದೆಯಾಗಿತ್ತು. ಒಂದು ಕನೆಕ್ಟಿಂಗ್ ರಾಡ್ ಬಾಗಿತ್ತು. "ನೀರು ಕಾರು ನಿಲ್ಲಿಸಿತು, ಇಂಜಿನ್ ಮುರಿದದ್ದು ಸೆಲ್ಫ್" ಎಂದರು ಅಬ್ಬಾ. ಆ ಮಾತಿನ ಅರ್ಥ ನನಗೆ ತಿಳಿದದ್ದು ಪಿಯುಸಿಗೆ ಬಂದ ಮೇಲೆ.

ಇಂಜಿನ್ ಉಸಿರಾಡುವ ಬಗೆ

1200 ಸಿಸಿ ಪೆಟ್ರೋಲ್ ಇಂಜಿನ್ ಎರಡು ಸುತ್ತಿಗೊಮ್ಮೆ ಸುಮಾರು 1.2 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುತ್ತಾ ಪೂರ್ತಿ ಉಸಿರೆಳೆದರೆ, ಸೆಕೆಂಡಿಗೆ 30 ಲೀಟರ್ ಗಾಳಿ ಬೇಕು.

ಈ ಗಾಳಿ ತಣ್ಣಗಿರಬೇಕು. ಚಾರ್ಲ್ಸ್ ನಿಯಮ ನೆನಪಿಸಿಕೊಳ್ಳಿ. 27 ಡಿಗ್ರಿ ಸೆಲ್ಸಿಯಸ್ ಅಂದರೆ 300 ಕೆಲ್ವಿನ್, 57 ಡಿಗ್ರಿ ಅಂದರೆ 330 ಕೆಲ್ವಿನ್. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆದರೆ ಅದೇ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಕಡಿಮೆ ಆಕ್ಸಿಜನ್ ಸಿಗುತ್ತದೆ. ಅದಕ್ಕೇ ಹೆಚ್ಚಿನ ಕಾರುಗಳಲ್ಲಿ ಗಾಳಿಯ ಕೊಳವೆಯ ಬಾಯಿ ಮುಂಭಾಗದಲ್ಲಿ, ಗ್ರಿಲ್ ಹಿಂದೆ, ಸಾಧ್ಯವಾದಷ್ಟು ಎತ್ತರದಲ್ಲಿರುತ್ತದೆ.

ಹಾಗಾದರೆ ಮಳೆಯಲ್ಲಿ ನೀರು ಏಕೆ ಹೋಗುವುದಿಲ್ಲ? ಕೊಳವೆ ತಿರುವುಗಳನ್ನು ದಾಟಿ ಫಿಲ್ಟರ್ ಪೆಟ್ಟಿಗೆ ಸೇರುತ್ತದೆ. ಹಗುರವಾದ ಗಾಳಿ ತಿರುವಿನಲ್ಲಿ ಸುಲಭವಾಗಿ ಹೊರಳುತ್ತದೆ. ಭಾರದ ಹನಿ ಜಡತ್ವದಿಂದ ನೇರ ಹೋಗಿ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಅನೇಕ ಪೆಟ್ಟಿಗೆಗಳ ತಳದಲ್ಲಿ ಆ ನೀರು ಸೋರಿಹೋಗಲು ಸಣ್ಣ ತೂತೂ ಇರುತ್ತದೆ. ಮಳೆಗೆ ಇಷ್ಟು ಸಾಕು. ಆದರೆ ಕೊಳವೆಯ ಬಾಯಿಯೇ ನೀರಿನಲ್ಲಿ ಮುಳುಗಿದರೆ ಇದಾವುದೂ ಕಾಪಾಡುವುದಿಲ್ಲ. ವೇಗವಾಗಿ ನುಗ್ಗಿದಾಗ ಕಾರಿನ ಮುಂದೆ ಅಲೆಯೆದ್ದು, ಮೊಣಕಾಲುದ್ದದ ನೀರು ಬಾನೆಟ್‌ವರೆಗೂ ಬರುತ್ತದೆ. ಮಾಮೂ ಮಾಡಿದ ಮೊದಲ ತಪ್ಪು ಇದೇ.

ಎಷ್ಟು ನೀರು ಸಾಕು?

ನಾಲ್ಕು ಸಿಲಿಂಡರ್‌ಗಳ 1200 ಸಿಸಿ ಇಂಜಿನ್‌ನಲ್ಲಿ ಒಂದೊಂದರ ಪಾಲು 300 ಸಿಸಿ. ಸಂಪೀಡನ ಅನುಪಾತ 10:1 ಎಂದಿಟ್ಟುಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ V ಆದರೆ,

(300 + V) ÷ V = 10
V = 300 ÷ 9 = ಸುಮಾರು 33 ಸಿಸಿ

ಗಾಳಿಯಾದರೆ ಇಷ್ಟು ಜಾಗಕ್ಕೆ ಕುಗ್ಗುತ್ತದೆ. ನೀರಿನ ಬಲ್ಕ್ ಮಾಡ್ಯುಲಸ್ ಸುಮಾರು 2.2 × 10⁹ ಪಾಸ್ಕಲ್. 20 ವಾತಾವರಣದಷ್ಟು ಒತ್ತಡ ಹಾಕಿದರೂ ಅದು ಸಾವಿರದಲ್ಲಿ ಒಂದು ಪಾಲಿನಷ್ಟೂ ಕುಗ್ಗುವುದಿಲ್ಲ. ಆದ್ದರಿಂದ 33 ಸಿಸಿಗಿಂತ ಸ್ವಲ್ಪ ಹೆಚ್ಚು ನೀರು, ಅಂದರೆ ಎರಡು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು, ಒಂದು ಸಿಲಿಂಡರ್ ಸೇರಿದರೆ ಪಿಸ್ಟನ್ ಮೇಲೆ ಬರಲಾರದು. ಅಷ್ಟರಲ್ಲಿ ಬೇರೆ ಸಿಲಿಂಡರ್ ಹತ್ತಿಕೊಂಡು ಬಲವಾಗಿ ತಿರುಗಿಸಿದರೆ ರಾಡ್ ಬಾಗುತ್ತದೆ. ಮಾಮೂ ಕಾರಿನ ಮೂರನೆಯ ಸೆಲ್ಫ್‌ನಲ್ಲಿ ಆದದ್ದು ಇದು. ಇದಕ್ಕೆ ಹೈಡ್ರೋಲಾಕ್ ಎನ್ನುತ್ತಾರೆ.

ನೆನಪಿಡಬೇಕಾದದ್ದು

1. ನಿಂತ ನೀರು ಚಕ್ರದ ಅರ್ಧಕ್ಕೆ ಬರುವಂತಿದ್ದರೆ ಇಳಿಯಬೇಡಿ. ಹರಿಯುವ ನೀರಾದರೆ ಅದಕ್ಕಿಂತ ಕಡಿಮೆ ಇದ್ದರೂ ಬೇಡ. ಒಂದು ಅಡಿ ಹರಿವು ಸಣ್ಣ ಕಾರನ್ನು ತಳ್ಳಬಲ್ಲದು.
2. ಕಡಿಮೆ ನೀರಿನಲ್ಲೂ ಮೊದಲ ಗೇರಿನಲ್ಲಿ ನಿಧಾನವಾಗಿ ಹೋಗಿ.
3. ನೀರಿನಲ್ಲಿ ಕಾರು ಆಫ್ ಆದರೆ ಸೆಲ್ಫ್ ಹೊಡೆಯಲೇಬೇಡಿ. ಹೊರಗೆ ತಳ್ಳಿಸಿ, ಏರ್ ಫಿಲ್ಟರ್ ನೋಡಿ. ಒದ್ದೆಯಿದ್ದರೆ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ತೆಗೆದ ಮೇಲೆಯೇ ಸ್ಟಾರ್ಟ್ ಮಾಡಬೇಕು.
4. ಅಂದಕ್ಕಾಗಿ ಬಂಪರ್ ಹತ್ತಿರ ತಗ್ಗಿನಲ್ಲಿ ಬೇರೆ ಫಿಲ್ಟರ್ ಹಾಕಿಸಬೇಡಿ.
5. ಸಾಮಾನ್ಯ ವಿಮೆಯಲ್ಲಿ ಈ ನಷ್ಟ ಸಾಮಾನ್ಯವಾಗಿ ಸೇರುವುದಿಲ್ಲ. ಇಂಜಿನ್ ರಕ್ಷಣೆಯನ್ನು ಬೇರೆಯಾಗಿ ಸೇರಿಸಬೇಕು. ಮಾಮೂ ಸೇರಿಸಿರಲಿಲ್ಲ. ಕಾರು ನಿಂತಿದ್ದರೂ ಸಾಲದ ಕಂತು ನಿಲ್ಲಲಿಲ್ಲ.

ಮಾಮೂಗೆ ಹೋದದ್ದು ಹಣ ಮಾತ್ರ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಲುಕಿ ಒಬ್ಬ ಯುವತಿ ಪ್ರಾಣ ಕಳೆದುಕೊಂಡರು. ನೀರು ಏರುತ್ತಿದ್ದರೆ ಕಾರಿನ ಚಿಂತೆ ಬಿಟ್ಟು ಮೊದಲು ಹೊರಗೆ ಬನ್ನಿ. ಇಂಜಿನ್ ಮತ್ತೆ ಕಟ್ಟಬಹುದು.

ಅಭ್ಯಾಸಕ್ಕೆ: ನಾಲ್ಕು ಸಿಲಿಂಡರ್‌ಗಳ 1500 ಸಿಸಿ ಡೀಸೆಲ್ ಇಂಜಿನ್‌ನ ಸಂಪೀಡನ ಅನುಪಾತ 16:1. ಎಷ್ಟು ನೀರಿಗಿಂತ ಹೆಚ್ಚಾದರೆ ಅದು ಲಾಕ್ ಆಗುತ್ತದೆ? (ಉತ್ತರ: 25 ಸಿಸಿ. ಪೆಟ್ರೋಲ್ ಇಂಜಿನ್‌ಗಿಂತಲೂ ಕಡಿಮೆ! ಏಕೆಂದು ಯೋಚಿಸಿ.)

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ